ಮಳೆಗಾಲ ಮುಗಿಸಿ ದೋಣಿ ತೆಗೆದೆ: ಎಂಜಿನ್ ಹತ್ತೇ ಸೆಕೆಂಡಿಗೆ ಬಂದ್, ತೂತಿನಿಂದ ನೀರೂ ಬರ್ತಿಲ್ಲ

ವರದಾದಂಡೆ, ಹಾವೇರಿ:
ಎಲ್ಲರಿಗೂ ನಮಸ್ಕಾರ. ನನ್ನದು 14 ಅಡಿಯ ಫೈಬರ್ ದೋಣಿ, ಹಿಂದೆ 15 ಎಚ್‌ಪಿ ಟು-ಸ್ಟ್ರೋಕ್ ಔಟ್‌ಬೋರ್ಡ್, ಅಂದ್ರೆ ದೋಣಿಯ ಹಿಂಬದಿಗೆ ಸಿಕ್ಕಿಸುವ ಎಂಜಿನ್. ಕಾರವಾರದ ಕಡೆಯಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ಹಾವನೂರಿನ ಹತ್ತಿರ ತುಂಗಭದ್ರೆಗೆ ಇಳಿಸುತ್ತೇವೆ. ಗಾಳ ಹಾಕೋದು, ಸುಮ್ನೆ ಒಂದು ರೌಂಡ್ ಹೊಡೆಯೋದು, ಅಷ್ಟೇ. ಜೂನ್‌ನಲ್ಲಿ ಹೊಳೆ ಏರುವ ಮುಂಚೆ ಮನೆಗೆ ತಂದು ಹಿತ್ತಲಲ್ಲಿ ನಿಲ್ಲಿಸಿ ತಾಡಪತ್ರಿ ಹೊದಿಸಿದೆ. ಎಂಜಿನ್‌ಗೆ ಏನೂ ಮಾಡಲಿಲ್ಲ, ಒಪ್ಪಿಕೊಳ್ತೀನಿ. ಟ್ಯಾಂಕಲ್ಲಿ ಅರ್ಧ ಪೆಟ್ರೋಲ್ ಹಾಗೇ ಇತ್ತು.

ದೀಪಾವಳಿ ಆದ ಮೇಲೆ ತೆಗೆದು ನೋಡಿದರೆ ತಾಡಪತ್ರಿ ಜೋತುಬಿದ್ದು ದೋಣಿ ಒಳಗೆ ನಾಲ್ಕೈದು ಇಂಚು ನೀರು. ಟ್ರೈಲರಿನ ಒಂದು ಚಕ್ರ ಎರೆ ಮಣ್ಣಲ್ಲಿ ಹೂತುಹೋಗಿದೆ. ಎಂಜಿನ್ ಕೆಳಭಾಗವನ್ನು ನೀರಿನ ಡ್ರಮ್‌ನಲ್ಲಿ ಮುಳುಗಿಸಿ ಹಗ್ಗ ಎಳೆದರೆ ಚೋಕ್ (ಗಾಳಿ ಕಡಿಮೆ ಮಾಡುವ ಗುಂಡಿ) ಮೇಲೆ ಸ್ಟಾರ್ಟ್ ಆಗುತ್ತೆ, ಚೋಕ್ ಒಳಗೆ ಒತ್ತಿದರೆ ಹತ್ತು ಸೆಕೆಂಡಿಗೆ ಸಾಯುತ್ತೆ. ಹಿಂದಿನ ಸಣ್ಣ ತೂತಿನಿಂದ ಪಿಚಕಾರಿ ಹಾಗೆ ನೀರು ಬರಬೇಕಲ್ವಾ, ಅದೂ ಇಲ್ಲ. ವಿಡಿಯೋ ನೋಡಿದರೆ ಎಲ್ಲರೂ ಗುಲಾಬಿ ಬಣ್ಣದ ಆಂಟಿಫ್ರೀಜ್ ಸುರೀತಾರೆ. ಅದು ಹಾಕದೇ ಕೆಟ್ಟಿತಾ?

ಹಳೇಹುಬ್ಬಳ್ಳಿ ಟುಸ್ಟ್ರೋಕ್:
ಆಂಟಿಫ್ರೀಜ್ ಮರೆತುಬಿಡ್ರಿ. ಅದು ನೀರು ಗಡ್ಡೆ ಕಟ್ಟುವ ಊರಿನವರ ಪಾಡು. ಹೆಪ್ಪುಗಟ್ಟಿದಾಗ ನೀರು ಸುಮಾರು 9% ಉಬ್ಬುತ್ತದೆ, ಎಂಜಿನ್ ಒಳಗೆ ನಿಂತಿದ್ದರೆ ಬ್ಲಾಕೇ ಸೀಳುತ್ತದೆ. ಹಾವೇರಿಯಲ್ಲಿ ಯಾವ ನೀರು ಗಡ್ಡೆ ಕಟ್ಟಿದ್ದನ್ನ ನೋಡಿದೀರಿ? ನಿಮ್ಮ ಎಂಜಿನ್ ಕೆಡಿಸಿದ್ದು ಚಳಿ ಅಲ್ಲ, ಆ ಅರ್ಧ ಟ್ಯಾಂಕ್ ಪೆಟ್ರೋಲ್.

ಈಗ ಬಂಕಲ್ಲಿ ಸಿಗೋದು 20% ಎಥೆನಾಲ್ ಬೆರೆಸಿದ್ದು. ಎಥೆನಾಲ್ ಗಾಳಿಯ ತೇವ ಹೀರುತ್ತೆ, ಜಾಸ್ತಿ ಆದರೆ ನೀರಿನ ಜತೆ ಸೇರಿ ತಳಕ್ಕೆ ಕೂರುತ್ತೆ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಲ್ಲಿ ಉಳಿದ ಪೆಟ್ರೋಲ್ ಆರಿಹೋಗಿ, ಅದಕ್ಕೆ ಬೆರೆಸಿದ 2ಟಿ (ಟು-ಸ್ಟ್ರೋಕ್) ಆಯಿಲ್ ಜತೆ ಅಂಟಿನ ಹಾಗೆ ಗಟ್ಟಿಯಾಗುತ್ತೆ. ಚೋಕ್ ಮೇಲೆ ಮಾತ್ರ ಓಡ್ತಾ ಇದೆ ಅಂದ್ರೆ ಪೆಟ್ರೋಲ್ ಸಾಲ್ತಾ ಇಲ್ಲ, ಬಹುತೇಕ ಅದರೊಳಗಿನ ಜೆಟ್, ಅಂದ್ರೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಂಡು, ಕಟ್ಟಿದೆ. ಆದರೆ ಬಿಚ್ಚುವ ಮೊದಲು ಪುಕ್ಕಟೆ ಕೆಲಸ ಮುಗಿಸಿ: ಟ್ಯಾಂಕ್ ಮುಚ್ಚಳದ ಗಾಳಿ ಸ್ಕ್ರೂ ತೆರೆದಿದೆಯಾ, ಪೈಪಿನ ನಡುವಿನ ರಬ್ಬರ್ ಬಲ್ಬ್ ಒತ್ತಿದರೆ ಗಟ್ಟಿ ಆಗುತ್ತಾ, ನೋಡಿ. ಆ ಸ್ಕ್ರೂ ತೆರೆಯದೇ ಎರಡು ತಾಸು ಹಗ್ಗ ಎಳೆದವನು ನಾನೇ, ಅದಕ್ಕೇ ಹೇಳ್ತಿದೀನಿ.

ಗಾಳಗಾರ, ಗದಗ:
ನೀರು ಬರದಿದ್ದರೂ ಒಂದೆರಡು ನಿಮಿಷ ಓಡಿಸಿ ನೋಡಿ, ತಾನೇ ಬಿಟ್ಟುಕೊಳ್ಳುತ್ತೆ. ನಮ್ಮದು ಹಂಗೇ ಸರಿ ಆಯ್ತು.

ಹಳೇಹುಬ್ಬಳ್ಳಿ ಟುಸ್ಟ್ರೋಕ್:
ಅಣ್ಣಾರೆ, ನಿಮ್ಮ ಪುಣ್ಯ ಚೆನ್ನಾಗಿತ್ತು. ಎಂಜಿನ್ ತಂಪಾಗಿಡೋಕೆ ನೀರು ಎತ್ತುವ ಒಳಗಿನ ಪಂಪಲ್ಲಿ ಇಂಪೆಲ್ಲರ್ ಅಂತ ರಬ್ಬರ್ ರೆಕ್ಕೆಯ ಚಕ್ರ ಇರುತ್ತೆ. ಅದಕ್ಕೆ ನೀರೇ ಎಣ್ಣೆ. ಒಣಗಿ ತಿರುಗಿದರೆ ಸೆಕೆಂಡುಗಳಲ್ಲೇ ಸುಡೋಕೆ ಶುರು. ಪಂಪ್ ನೀರು ಎತ್ತದೇ ಹೋದರೆ ಎಂಜಿನ್ನೂ ಕಾಯುತ್ತೆ, ಪಿಸ್ಟನ್ ಹಿಡಿದುಕೊಳ್ಳುತ್ತೆ. ವರದಾದಂಡೆ ಅವರೇ, ಆ ತೂತು ಬಿಡಿಸೋವರೆಗೆ ಸ್ಟಾರ್ಟ್ ಮಾಡಬೇಡಿ, ಆಮೇಲೂ ನೀರು ಕಾಣದಿದ್ದರೆ ತಕ್ಷಣ ಬಂದ್ ಮಾಡಿ. ಡ್ರಮ್‌ನಲ್ಲಿ ನೀರು ಫ್ಯಾನಿನ (ದೋಣಿ ತಳ್ಳುವ ಪ್ರೊಪೆಲ್ಲರ್) ಮೇಲಿರುವ ಚಪ್ಪಟೆ ರೆಕ್ಕೆ ಪೂರ್ತಿ ಮುಳುಗಿ ಇನ್ನೂ ಒಂದು ಗೇಣು ಮೇಲಿರಲಿ. ಗೇರು ನ್ಯೂಟ್ರಲ್‌ನಲ್ಲಿರಲಿ.

ತೂತಿಗೆ ಹೊರಗಿನಿಂದ ತಂತಿ ಚುಚ್ಚಬೇಡಿ, ಕಸ ಒಳಗೇ ಹೋಗುತ್ತೆ. ಮೇಲಿನ ಕವರ್ ತೆಗೆದರೆ ಆ ತೂತಿಗೆ ಬರುವ ಸಣ್ಣ ಪೈಪ್ ಕಾಣುತ್ತೆ. ಅದನ್ನ ಕಳಚಿ ಒಳಗಿನಿಂದ ಹೊರಕ್ಕೆ ಊದಿ.

ವರದಾದಂಡೆ:
ನಂಬ್ತೀರೋ ಇಲ್ವೋ, ಕುಂಬಾರ ಹುಳ! ಸೈಕಲ್ ಪಂಪ್ ಇಟ್ಟು ಊದಿದೆ, ಮೊದಲು ಏನೂ ಆಗಲಿಲ್ಲ. ಸ್ವಲ್ಪ ನೀರು ಬಿಟ್ಟು ನೆನೆಸಿ ಮತ್ತೆ ಊದಿದರೆ ಪಟ್ ಅಂತ ಒಂದು ಮಣ್ಣಿನ ಬಿರಡೆ ಹಾರಿತು, ಹೆಬ್ಬೆರಳಿನ ಉಗುರಿನಷ್ಟು. ಹಿಂದೆಯೇ ಒಂದು ಒಣಗಿದ ಜೇಡ, ಮತ್ತೊಂದು, ಒಟ್ಟು ನಾಲ್ಕು. ಮರಿಗೆ ಅಂತ ಬುತ್ತಿ ಕಟ್ಟಿಟ್ಟಿತ್ತು ಪಾಪ. ಮಗಳು ಅದನ್ನ ಬೆಂಕಿಪೆಟ್ಟಿಗೆಯಲ್ಲಿ ಹಾಕಿಕೊಂಡು ಹೋಗಿದಾಳೆ.

ಈಗ ನೀರು ಬರುತ್ತೆ, ಆದರೆ ಮೂತ್ರಕಟ್ಟಿನವರ ಹಾಗೆ ತೊಟ್ಟಿಕ್ಕುತ್ತೆ. ಚೋಕ್ ತೊಂದರೆ ಹಾಗೇ ಇದೆ. ಗಾಳಿ ಸ್ಕ್ರೂ, ಬಲ್ಬ್ ಎರಡೂ ಸರಿ.

ಧಾರವಾಡ ಜಿಟಿಜಿಟಿ:
ನೀರು ತೊಟ್ಟಿಕ್ಕೋದು ಇಂಪೆಲ್ಲರ್ ಇರಬಹುದು. ಐದು ತಿಂಗಳು ಒಂದೇ ಕಡೆ ಬಗ್ಗಿ ನಿಂತ ರಬ್ಬರ್ ರೆಕ್ಕೆ ಹಾಗೇ ಸೆಟ್ ಆಗಿಬಿಡುತ್ತೆ, ನೆಟ್ಟಗಾಗಲ್ಲ. ನಮ್ಮ ಕಡೆ ಸಿಗೋದು ಕಷ್ಟ, ಕಾರವಾರ ಅಥವಾ ಮಲ್ಪೆ ಬಂದರಿನ ಅಂಗಡಿಗಳಲ್ಲಿ ಮಾಡೆಲ್ ನಂಬರ್ ಹೇಳಿ ತರಿಸಿ. ಎರಡು ತರಿಸಿ, ಒಂದು ಮನೆಯಲ್ಲಿರಲಿ.

ಕಾರ್ಬೊರೇಟರ್ ಬಿಚ್ಚಲೇಬೇಕು. ಕೆಳಗಿನ ಬಟ್ಟಲು ತೆಗೆದು ಜೆಟ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ, ದುಂಡಗೆ ಬೆಳಕು ಕಾಣಬೇಕು. ಕ್ಲೀನರ್ ಸ್ಪ್ರೇ ಹೊಡೆದು ನೆನೆಸಿ, ಆಮೇಲೆ ಕರೆಂಟಿನ ವೈರಿನೊಳಗಿನ ತಾಮ್ರದ ಒಂದೇ ಎಳೆ ಹಾಕಿ ಸವರಿ. ಸೂಜಿ ಹಾಕಬೇಡಿ. ಜೆಟ್ ಹಿತ್ತಾಳೆ, ಸೂಜಿ ಉಕ್ಕು, ತೂತು ದೊಡ್ಡದಾದರೆ ಮುಗೀತು. ಹಳೇ ಪೆಟ್ರೋಲ್ ಮತ್ತೆ ಇದಕ್ಕೆ ಹಾಕಬೇಡಿ. ಹೊಸದಕ್ಕೆ ಎಂಜಿನ್ ಜತೆ ಬಂದ ಪುಸ್ತಕದಲ್ಲಿ 50:1 ಅಂತಿದ್ದರೆ ಲೀಟರಿಗೆ 20 ಎಂಎಲ್ 2ಟಿ.

ಆ ಹೂತ ಚಕ್ರದ ಮಾತು ಹೇಳ್ತೀನಿ. ದೋಣಿಯ ತಳ 4 ಚದರ ಮೀಟರ್ ಅಂತ ಹಿಡಿದರೂ 10 ಸೆಂಟಿಮೀಟರ್ ನೀರು ಅಂದ್ರೆ 400 ಕೆಜಿ ಆಯ್ತು. ಎರೆ ಮಣ್ಣು ನೆನೆದರೆ ಬೆಣ್ಣೆ, ಅದರ ಮೇಲೆ ಅಷ್ಟು ಭಾರ! ಮುಂದಿನ ಸಲ ಚಕ್ರದ ಕೆಳಗೆ ಫರಸಿ ಕಲ್ಲು ಹಾಸಿ, ಟ್ರೈಲರ್ ಮೂತಿ ಎತ್ತಿ ಇಟ್ಟಿಗೆ ಮೇಲೆ ಕೂರಿಸಿ, ದೋಣಿಯ ಹಿಂದಿನ ಬಿರಡೆ ತೆಗೆದಿಡಿ. ಮಳೆ ಬಿದ್ದಷ್ಟೂ ಹರಿದುಹೋಗುತ್ತೆ. ಬಿರಡೆಯನ್ನ ಎಂಜಿನ್ ಹ್ಯಾಂಡಲ್‌ಗೇ ದಾರದಿಂದ ಕಟ್ಟಿ, ಇಲ್ಲಾಂದ್ರೆ ಹೊಳೆಗೆ ಇಳಿಸಿದ ಮೇಲೆ ನೆನಪಾಗುತ್ತೆ. ತಾಡಪತ್ರಿ ಕೆಳಗೆ ಉದ್ದಕ್ಕೆ ಒಂದು ಬಿದಿರ ಗಳ ಇಟ್ಟು ಡೇರೆ ಥರ ಇಳಿಜಾರು ಮಾಡಿ. ಎರಡೂ ತುದಿ ತೆರೆದಿರಲಿ, ಗಾಳಿ ಆಡದಿದ್ದರೆ ಬೂಷ್ಟು ಹಿಡಿಯುತ್ತೆ.

ವರದಾದಂಡೆ:
ಎರಡು ವಾರ ಆಯ್ತು, ಕ್ಷಮಿಸಿ. ಜೆಟ್‌ನಲ್ಲಿ ಬೆಲ್ಲದ ಪಾಕದ ಬಣ್ಣದ ಅಂಟು ಇತ್ತು, ಬೆಳಕೇ ಕಾಣ್ತಿರಲಿಲ್ಲ. ತೊಳೆದು ಹಾಕಿದೆ, ಈಗ ಚೋಕ್ ಇಲ್ಲದೆ ಗಡಿಯಾರದ ಹಾಗೆ ಓಡ್ತಿದೆ. ಇಂಪೆಲ್ಲರ್ ಬಂತು, ಹಾಕಿದೆ, ನೀರು ಡ್ರಮ್ ದಾಟಿ ಗೋಡೆಗೆ ಹೊಡೀತಿದೆ. ಹಳೇ ಪೆಟ್ರೋಲ್ ಏನು ಮಾಡಲಿ? ಗೆಳೆಯನ ಹಳೇ ಟು-ಸ್ಟ್ರೋಕ್ ಬೈಕ್ ಯೆಜ್ಡಿಗೆ ಹಾಕೋಣ ಅಂದರೆ ಬೇಡ ಅಂತಾನೆ.

ಹಳೇಹುಬ್ಬಳ್ಳಿ ಟುಸ್ಟ್ರೋಕ್:
ನಿಮ್ಮ ಗೆಳೆಯ ಜಾಣ. ಅಷ್ಟು ಹಳೆಯದನ್ನ ತುಕ್ಕು ಹಿಡಿದ ನಟ್ಟು ತೊಳೆಯೋಕೆ ಇಟ್ಟುಕೊಳ್ಳಿ, ಮೋರಿಗೆ ಸುರಿಯಬೇಡಿ. ಮುಂದಿನ ವರ್ಷ ತಾಜಾ ಇದ್ದಾಗಲೇ ಅವನಿಗೆ ಕೊಡಿ. ನಿಲ್ಲಿಸುವ ದಿನ ಮೊದಲು ಡ್ರಮ್‌ನಲ್ಲಿ ತಿಳಿನೀರಿಂದ ಹತ್ತು ನಿಮಿಷ ಓಡಿಸಿ, ಹೊಳೆಯ ರಾಡಿ ಹೋಗಲಿ. ಆಮೇಲೆ ಪೆಟ್ರೋಲ್ ಪೈಪ್ ಕಳಚಿ ತಾನಾಗೇ ಬಂದ್ ಆಗೋವರೆಗೆ ಬಿಡಿ, ಬಟ್ಟಲಲ್ಲಿ ಉಳಿದದ್ದನ್ನ ಸ್ಕ್ರೂ ಬಿಚ್ಚಿ ಇಳಿಸಿ. ಎರಡೂ ಪ್ಲಗ್ ತೆಗೆದು ಒಂದೊಂದು ಚಮಚ 2ಟಿ ಬಿಟ್ಟು ಹಗ್ಗ ಮೆಲ್ಲಗೆ ನಾಲ್ಕು ಸಲ ಎಳೆಯಿರಿ. ಎಂಜಿನ್ ನೆಟ್ಟಗೆ ನಿಂತಿರಲಿ. ತೂತಿಗೆ ಒಂದು ಚೂರು ಕೆಂಪು ಬಟ್ಟೆ ತುರುಕಿ, ಕೆಂಪು ಯಾಕಂದ್ರೆ ತೆಗೆಯೋದು ಮರೆಯಬಾರದು. ಇಲಿಗಳ ಮೇಲೆ ಕಣ್ಣಿಡಿ, ವೈರು ಕಡೀತವೆ.

ಅಂದಹಾಗೆ ಗೇರ್ ಆಯಿಲ್ ನೋಡಿದ್ರಾ?

ವರದಾದಂಡೆ:
ಇವತ್ತು ಕೆಳಗಿನ ಸ್ಕ್ರೂ ಬಿಚ್ಚಿದೆ. ಹಾಲು ಜಾಸ್ತಿ ಆದ ಚಹಾ ಬಂತು.

ಧಾರವಾಡ ಜಿಟಿಜಿಟಿ:
ನೀರು ಸೇರಿದೆ. ಹಾಗೇ ಬಿಟ್ಟರೆ ಗೇರು, ಬೇರಿಂಗ್ ತುಕ್ಕು. ಹೊಸ ಆಯಿಲ್ ತುಂಬೋದು ಕೆಳಗಿನ ತೂತಿಂದ, ಮೇಲಿನ ತೂತಿಂದ ಉಕ್ಕೋವರೆಗೆ. ಎರಡೂ ಸ್ಕ್ರೂಗೆ ಹೊಸ ವಾಷರ್ ಹಾಕಿ. ಆದರೆ ಅದಕ್ಕೆ ಮೊದಲು ಫ್ಯಾನ್ ಕಳಚಿ ಹಿಂದೆ ನೋಡಿ. ಗಾಳ ಹಾಕ್ತೀವಿ ಅಂದ್ರಲ್ಲ?

ವರದಾದಂಡೆ:
ನೋಡಿದೆ. ಗೇರಿನೊಳಗೆ ನೀರು ಹೋಗದ ಹಾಗೆ ತಡೆಯುವ ಸೀಲ್ ಸುತ್ತ ಗಾಳದ ನೈಲಾನ್ ದಾರ ಬಿಗಿಯಾಗಿ ಸುತ್ತಿಕೊಂಡಿತ್ತು. ಬಿಚ್ಚಿದರೆ ನಾಲ್ಕು ಮಾರು, ತುದಿಗೆ ನಾನೇ ಹಾಕಿದ ಗಂಟು. ಸೀಲ್ ಆರ್ಡರ್ ಮಾಡಿದೆ.