ದೊಡ್ಡಪ್ಪ ಕಳಿಸಿದ ಫೋಟೋ

ನಿನ್ನೆ ಬೆಳಿಗ್ಗೆ ಆರೂವರೆಗೆ ದೊಡ್ಡಪ್ಪ ನಮ್ಮ ಮನೆ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು. ಖಾದಿ ಜುಬ್ಬ, ಗಾಂಧಿ ಟೋಪಿಯ ಹಿರಿಯರೊಬ್ಬರ ಫೋಟೋ. ಕೆಳಗೆ ದಪ್ಪ ಅಕ್ಷರ: ಹೊರದೇಶದ ಓದು ನಮ್ಮತನ ಕೆಡಿಸುತ್ತದೆ, ಮಕ್ಕಳನ್ನು ಉಳಿಸಿಕೊಳ್ಳಿ.

ಅತ್ತೆ: ನೂರಕ್ಕೆ ನೂರು ನಿಜ.

ಭಾವ: ಯಾರು ಹೇಳಿದ್ದು? ಎಲ್ಲಿ, ಯಾವಾಗ?

ದೊಡ್ಡಪ್ಪ: ಹಿರಿಯರು ಕಳಿಸಿದ್ದಕ್ಕೆಲ್ಲ ಸಾಕ್ಷಿ ಕೇಳಬಾರದಪ್ಪ. ಮೊದಲು ತಗ್ಗಿ ನಡೆಯುವುದನ್ನು ಕಲಿಯಿರಿ.

ಒಹಾಯೋದಲ್ಲಿರುವ ಅಣ್ಣ: ಇದು ನನಗೇ ಅಲ್ವಾ ದೊಡ್ಡಪ್ಪ? ಜಾತಕ ನೋಡದೆ ಮದುವೆಯಾದೆ ಅಂತ ನೀವು ಬರಲೇ ಇಲ್ಲ.

ಅತ್ತೆ: ಅವರಿಗೆ ಆಗ ಮಂಡಿನೋವಿತ್ತು ಕಣೋ.

ಅಣ್ಣ: ಅದೇ ವಾರ ತಿರುಪತಿಗೆ ಹೋಗಿದ್ದರು.

ಚಿಕ್ಕಪ್ಪ: ಆ ಟೋಪಿ ನೋಡಿ ಬಸವನಗುಡಿ ನೆನಪಾಯ್ತು. ಬುಧವಾರ ಸಂಜೆ ನ್ಯಾಷನಲ್ ಕಾಲೇಜಿನಲ್ಲಿ ಸೈನ್ಸ್ ಫೋರಂ ಉಪನ್ಯಾಸ, ಆಮೇಲೆ ಗಾಂಧಿ ಬಜಾರಿನಲ್ಲಿ ದೋಸೆ. ಕಡಲೆಕಾಯಿ ಪರಿಷೆ ಬಂದರೆ ಜೇಬು ತುಂಬಾ ಕಡಲೆಕಾಯಿ!

ಇಷ್ಟಾದರೂ ಫೋಟೋ ಯಾರದು ಅಂತ ಒಬ್ಬರೂ ನೋಡಿರಲಿಲ್ಲ. ನನಗೆ ಸುಮ್ನಿರಲು ಆಗಲಿಲ್ಲ. ಬರೆದೆ.

ನಾನು: ದೊಡ್ಡಪ್ಪ, ಬೇಜಾರು ಮಾಡ್ಕೋಬೇಡಿ. ಇವರು ಎಚ್. ನರಸಿಂಹಯ್ಯ, ಚಿಕ್ಕಪ್ಪ ಹೇಳಿದ ಸೈನ್ಸ್ ಫೋರಂ 1962ರಲ್ಲಿ ಶುರು ಮಾಡಿದವರು. ಗೌರಿಬಿದನೂರಿನ ಹತ್ತಿರದ ಹೊಸೂರಿನ ಬಡವರ ಮನೆ ಹುಡುಗ. 1942ರಲ್ಲಿ ಓದು ಬಿಟ್ಟು ಚಳವಳಿಗೆ ಇಳಿದು ಜೈಲು ಸೇರಿದರು. ಡಾಕ್ಟರೇಟ್ ಮಾಡಿದ್ದು ಎಲ್ಲಿ ಗೊತ್ತಾ? ಅಣ್ಣ ಇರುವ ಒಹಾಯೋದಲ್ಲೇ, ಅಲ್ಲಿನ ಸ್ಟೇಟ್ ಯೂನಿವರ್ಸಿಟಿಯಲ್ಲಿ. ಓದಿದ್ದು ನ್ಯೂಕ್ಲಿಯರ್ ಫಿಸಿಕ್ಸ್. ವಾಪಸ್ ಬಂದ ಮೇಲೂ ಅದೇ ಪಂಚೆ, ಅದೇ ಟೋಪಿ, ಕಾಲೇಜು ಹಾಸ್ಟೆಲಿನ ಕೋಣೆಯಲ್ಲೇ ವಾಸ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಸಿಟ್ಟಾದವರು ಬೇಕಾದಷ್ಟು ಜನ. ಅವರು ಜಗ್ಗಲಿಲ್ಲ. ಅಂಥವರ ಮುಖದ ಕೆಳಗೆ ಈ ಮಾತು ನೋಡಿ ನನಗೆ ನಿಜಕ್ಕೂ ನೋವಾಯಿತು. ಖಾದಿ ಎಷ್ಟು ಅವರದೋ, ಪ್ರಶ್ನೆ ಕೇಳುವ ಸ್ವಭಾವವೂ ಅಷ್ಟೇ ಅವರದು. ಭಾವ ಕೇಳಿದ್ದೂ ಅದನ್ನೇ. ಅದರಲ್ಲಿ ಅಗೌರವ ಎಲ್ಲಿದೆ?

ಭಾವ: ಸಮಿತಿ ವಿಷಯ ನಾನು ಹೋದ ವರ್ಷವೇ ಹೇಳಿದ್ದೆ. ಯಾರೂ ಓದಲಿಲ್ಲ.

ಅತ್ತೆ: ಅದೆಲ್ಲ ಇರಲಿ. ತಿರುಪತಿ ವಿಷಯ ಅವನಿಗೆ ಹೇಳಿದ್ದು ಯಾರು?

ದೊಡ್ಡಪ್ಪ ಮಧ್ಯಾಹ್ನದವರೆಗೆ ಏನೂ ಬರೆಯಲಿಲ್ಲ. ಆಮೇಲೆ ಒಂದೇ ಸಾಲು: ಒಹಾಯೋದಲ್ಲಾ? ಅಲ್ಲಿ ಚಳಿ ಜಾಸ್ತಿ ಅಲ್ವೇನೋ, ಪಂಚೇಲಿ ಹೇಗಿದ್ದರು?