ಅಪ್‌ಡೇಟ್: ಗೇಮ್ ನಡುವೆ ಪರದೆ ಕಪ್ಪಾಗ್ತಿದ್ದ ಗ್ರಾಫಿಕ್ಸ್ ಕಾರ್ಡ್ ಸರಿಯಾಯ್ತು

ಹೋದ ವಾರ ಕೇಳಿದ್ದು ಇಷ್ಟು: ಗೇಮ್ ಹಚ್ಚಿ 15 ನಿಮಿಷಕ್ಕೆ ಪರದೆ ಕಪ್ಪು, ಕಾರ್ಡಿನ ಫ್ಯಾನ್ ಪೂರ್ತಿ ವೇಗಕ್ಕೆ, ಸೌಂಡ್ ಮಾತ್ರ ಬರ್ತಾನೇ ಇರ್ತದ. ಕಲಬುರಗಿ ಬಿಸಿಲಿನ ಮೇಲೇ ಎಲ್ಲರಿಗೂ ಅನುಮಾನ. ಅರ್ಧ ನಿಜ ಅಷ್ಟೇ.

ಸೇಫ್ ಮೋಡ್‌ನಲ್ಲಿ ಡಿಡಿಯು (ಹಳೆ ಡ್ರೈವರ್ ಪೂರ್ತಿ ಅಳಿಸೋ ಸಾಫ್ಟ್‌ವೇರ್) ಓಡಿಸಿ ಡ್ರೈವರ್ ಹೊಸದಾಗಿ ಹಾಕಿದ್ದು ಉಪಯೋಗಕ್ಕೆ ಬರಲಿಲ್ಲ. ರ‍್ಯಾಮ್ ತೆಗೆದು ಹಾಕಿದ್ದೂ ಅಷ್ಟೇ. ಕಾರ್ಡ್ ಎಳೆಯೋ ಕರೆಂಟಿನ ಮಿತಿ (ಪವರ್ ಲಿಮಿಟ್) 70 ಪರ್ಸೆಂಟಿಗೆ ಇಳಿಸಿದಾಗ ಮಾತ್ರ ನಿಲ್ಲದೆ ಓಡಿತು. ಕಾರ್ಡ್ ಬಿಸಿಯಾಗೋದೇ ತೊಂದರೆ ಅಂತ ಸುಳಿವು ಸಿಕ್ಕಿದ್ದು ಅಲ್ಲೇ.

'ಹಾಟ್‌ಸ್ಪಾಟ್ ನೋಡ್ರಿ' ಅಂದವರಿಗೆ ಶರಣು. ಹಾಟ್‌ಸ್ಪಾಟ್ ಅಂದ್ರೆ ಚಿಪ್ಪಿನಲ್ಲಿ ಅತಿ ಬಿಸಿಯಾಗೋ ಜಾಗ. ಜಿಪಿಯು (ಕಾರ್ಡಿನ ಮುಖ್ಯ ಚಿಪ್) 79 ಡಿಗ್ರಿ ತೋರಿಸ್ತಿತ್ತು, ಹಾಟ್‌ಸ್ಪಾಟ್ 108! ಇಷ್ಟು ಅಂತರ ಅಂದ್ರೆ ಚಿಪ್ಪಿನ ಬಿಸಿ ದಾಟಿಸೋ ಥರ್ಮಲ್ ಪೇಸ್ಟ್ ಒಣಗ್ಯದ, ಇಲ್ಲಾ ಆ ಬಿಸಿ ಹೀರೋ ಲೋಹದ ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲ. ಬಿಚ್ಚಿದರೆ ಪೇಸ್ಟ್ ಸುಣ್ಣದ ಹಕ್ಕಳೆ ಹಂಗಾಗಿತ್ತು. ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಚಿಪ್ ಪೂರ್ತಿ ಮುಚ್ಚೋ ಹಂಗೆ ತೆಳ್ಳಗೆ ಹೊಸ ಪೇಸ್ಟ್ ಸವರಿ, ನಾಲ್ಕೂ ಸ್ಕ್ರೂ ಎದುರುಬದುರಾಗಿ ಸ್ವಲ್ಪ ಸ್ವಲ್ಪ ಬಿಗಿ ಮಾಡಿದ್ದಾಯ್ತು. ಮೆಮೊರಿ ಮೇಲಿನ ಥರ್ಮಲ್ ಪ್ಯಾಡ್ (ಬಿಸಿ ದಾಟಿಸೋ ಮೆತ್ತನೆ ಪಟ್ಟಿ) ಹರೀಬಾರದು. ಹರಿದರೆ ಅದೇ ದಪ್ಪದ್ದೇ ಬೇಕು. ದಪ್ಪ ಹೆಚ್ಚಾದರೆ ಹೀಟ್‌ಸಿಂಕ್ ಚಿಪ್ಪಿಗೆ ತಾಗೋದೇ ಇಲ್ಲ.

ಗೊತ್ತಿಲ್ಲದ ಸಂಗತಿ ಒಂದು: ಸಿಪಿಯು ಡಬ್ಬಿ ಎದುರೇ ಕೋಣೆ ತಂಪು ಮಾಡೋ ನೀರಿನ ಕೂಲರ್ ಇತ್ತು. ಅದರ ಹಸಿ ಗಾಳಿಗೆ ಧೂಳು ಹೀಟ್‌ಸಿಂಕ್ ರೆಕ್ಕೆಗಳ ನಡುವೆ ಕಂಬಳಿ ತುಂಡಿನಂಗ ಹತ್ತಿಕೊಂಡಿತ್ತು. ಬ್ಲೋವರ್‌ಗೆ ಜಗ್ಗಲಿಲ್ಲ, ಬ್ರಷ್ ಬೇಕಾಯ್ತು. ಬ್ಲೋವರ್ ಹಿಡಿಯೋವಾಗ ಫ್ಯಾನ್ ತಿರುಗದಂತೆ ಬೆರಳಿಟ್ಟುಕೊಳ್ರಿ, ಇಲ್ಲಾಂದ್ರೆ ಬೇರಿಂಗ್ ಹಾಳಾಗ್ತದ.

ಈಗ ಪೂರ್ತಿ ಪವರ್‌ನಲ್ಲಿ ಜಿಪಿಯು 71 ಡಿಗ್ರಿ, ಹಾಟ್‌ಸ್ಪಾಟ್ 85. ನಾಲ್ಕು ದಿನ ಆಯ್ತು, ಒಮ್ಮೆನೂ ಕಪ್ಪಾಗಿಲ್ಲ. ಕೂಲರ್ ಬಾಗಿಲ ಕಡೆ ತಿರುಗ್ಯದ.