ಐ10 ತಗೊಳ್ಳೋದಾ ಬೇಡ್ವಾ: ಮೆಕ್ಯಾನಿಕಲ್ ಬ್ಯಾಚ್ ಯುಕೆ ಗುಂಪಿನ ಚರ್ಚೆ

ಕಾರ್ತಿಕ್: ಅಣ್ಣಂದಿರಾ, ಶೈಲಜಕ್ಕ, ಸ್ವಲ್ಪ ನೋಡಿ ಹೇಳಿ. ಲೆಸ್ಟರಲ್ಲಿ ಒಂದು ಹುಂಡೈ ಐ10 ಇದೆ. 1.2 ಪೆಟ್ರೋಲ್, 2010ರದ್ದು, 68,000 ಮೈಲಿ, 1,850 ಪೌಂಡ್. ಮಾರ್ತಿರೋದು ಕಾರಿನ ಮಾಲೀಕರೇ, ಡೀಲರ್ ಅಲ್ಲ. "11 ತಿಂಗಳು ಎಂಓಟಿ (ಇಲ್ಲಿ ವರ್ಷಕ್ಕೊಮ್ಮೆ ಮಾಡಿಸಬೇಕಾದ ಕಾರಿನ ತಪಾಸಣೆ) ಇದೆ" ಅಂತ ಬರ್ದಿದಾರೆ. ನಂಬರ್ ಹಾಕಿ ಸರ್ಕಾರಿ ಸೈಟಲ್ಲಿ ಹಿಸ್ಟರಿ ತೆಗೆದೆ:

2021, 59,200 ಮೈಲಿ: ಪಾಸ್. ಅಡ್ವೈಸರಿ (ಪಾಸಾದ್ರೂ ಎಚ್ಚರಿಕೆಗೆ ಅಂತ ಬರೆಯೋದು): ಹಿಂದಿನ ಆಕ್ಸಲ್ (ಹಿಂದಿನ ಎರಡು ಚಕ್ರ ಹಿಡಿದಿರೋ ಅಡ್ಡ ತೊಲೆ) ತುಕ್ಕು
2022, 61,000: ಫೇಲ್. ಎಡಗಡೆ ಮುಂದಿನ ಕಾಯಿಲ್ ಸ್ಪ್ರಿಂಗ್ ಮುರಿದಿದೆ, ನಂಬರ್ ಪ್ಲೇಟ್ ಲೈಟ್ ಉರೀತಿಲ್ಲ. ಎರಡು ದಿನಕ್ಕೆ ಪಾಸ್
2023, 61,480: ಪಾಸ್. ಏನೂ ಬರೆದಿಲ್ಲ
2024, 64,900: ಫೇಲ್. ಹ್ಯಾಂಡ್‌ಬ್ರೇಕ್ ಸಾಲದು, ಎಮಿಷನ್ (ಹೊಗೆ) ಟೆಸ್ಟಲ್ಲಿ ಲ್ಯಾಂಬ್ಡಾ, ಅಂದ್ರೆ ಗಾಳಿ-ಇಂಧನದ ಅನುಪಾತ, ಜಾಸ್ತಿ. ಅದೇ ವಾರ ಪಾಸ್
2025, 67,600: ಪಾಸ್. ಅಡ್ವೈಸರಿ: ಹಿಂದಿನ ಬ್ರೇಕ್ ಪೈಪ್ ತುಕ್ಕು, ಹಿಂದಿನ ಆಕ್ಸಲ್ ತುಕ್ಕು, ಮುಂದಿನ ಎರಡೂ ಟೈರ್ ಮಿತಿಗೆ ಹತ್ತಿರ

ರಘು: ಬಿಟ್ಹಾಕು. ಐದು ಸಲದಲ್ಲಿ ಎರಡು ಸಲ ಫೇಲ್. ಮುಂದಿನ ವರ್ಷ ಮೂರನೇದು ನಿನ್ನ ತಲೆ ಮೇಲೆ.

ಮಂಜು: ಲೋ ರಘು, ಫೇಲ್ ಎಷ್ಟು ಅಂತ ಎಣಿಸಿದ್ರೆ ಏನು ಸಿಗುತ್ತೋ? ಯಾತಕ್ಕೆ ಫೇಲ್ ಅಂತ ನೋಡು. ನಂಬರ್ ಪ್ಲೇಟ್ ಬಲ್ಬು ಎರಡು ಪೌಂಡಿಂದು. ವಾಷರ್ ನೀರು ಖಾಲಿ ಇದ್ರೂ ಇಲ್ಲಿ ಫೇಲ್ ಮಾಡ್ತಾರೆ. ಅದನ್ನೂ ಸ್ಪ್ರಿಂಗ್ ಮುರಿದಿದ್ದನ್ನೂ ಒಂದೇ ತಕ್ಕಡಿಗೆ ಹಾಕ್ತೀಯಾ? ಸ್ಪ್ರಿಂಗ್ ಈ ದೇಶದ ಸಣ್ಣ ಕಾರುಗಳಿಗೆಲ್ಲಾ ಮುರಿಯುತ್ತೆ. ಕೊನೇ ಸುತ್ತು ಸ್ಟ್ರಟ್ (ಸ್ಪ್ರಿಂಗ್ ಹೊತ್ತ ಶಾಕ್ ಅಬ್ಸಾರ್ಬರ್ ಕಂಬ) ತಟ್ಟೆಯಲ್ಲಿ ಕೂತಿರುತ್ತಲ್ಲ, ಚಳಿಗಾಲದಲ್ಲಿ ಹಿಮಕ್ಕೆ ಅಂತ ರಸ್ತೆಗೆ ಸುರಿಯೋ ಉಪ್ಪಿನ ನೀರು ಅಲ್ಲೇ ನಿಲ್ಲುತ್ತೆ, ಬಣ್ಣ ಏಳುತ್ತೆ, ತುಕ್ಕು ಹಿಡಿಯುತ್ತೆ, ಆಮೇಲೆ ಒಂದು ಗುಂಡಿಗೆ ಇಳಿದ್ರೆ ಟಕ್ ಅಂತ ಹೋಗುತ್ತೆ. ಅದನ್ನ ಹಾಕಿಸಿಯಾಯ್ತು, ಮುಗೀತು.

ರಘು: ಮುಗೀತಾ? ಎಡಗಡೆದು ಮಾತ್ರ ಬರ್ದಿದೆ. ಅದೊಂದೇ ಹಾಕಿಸಿದ್ರೆ ಬಲಗಡೆದು 15 ವರ್ಷದ್ದು. ಸ್ಪ್ರಿಂಗ್ ಜೋಡಿಯಾಗೇ ಹಾಕಬೇಕು, ಇಲ್ದಿದ್ರೆ ಎತ್ತರದಲ್ಲೇ ಎಡ ಬಲ ವ್ಯತ್ಯಾಸ ಬರುತ್ತೆ. ಬಿಲ್ ಕೇಳು ಕಾರ್ತಿಕ್. ಬಿಲ್ ಇಲ್ದಿದ್ರೆ ಎರಡೂ ಸ್ಟ್ರಟ್ ಕೆಳಗೆ ಟಾರ್ಚ್ ಬಿಡು, ಬಣ್ಣ ನೋಡಿದ್ರೇ ಹೊಸದು ಹಳೇದು ಗೊತ್ತಾಗುತ್ತೆ.

ಮಂಜು: ಇದು ಸರಿ, ಒಪ್ಪಿದೆ.

ಶೈಲಜಾ: ನೀವಿಬ್ರೂ ಫೇಲ್ ಹಿಡ್ಕೊಂಡು ಕಿತ್ತಾಡ್ತಿದೀರ. ನಂಗೆ ಅನುಮಾನ ಇರೋದು 2023ರ ಪಾಸ್ ಮೇಲೆ. 2021ರಲ್ಲಿ ಆಕ್ಸಲ್ ತುಕ್ಕು, 2025ರಲ್ಲೂ ಆಕ್ಸಲ್ ತುಕ್ಕು. ನಡುವೆ 2023ರಲ್ಲಿ ಏನೂ ಇಲ್ಲ. ತುಕ್ಕು ರಜಾ ಹಾಕಿ ಹೋಗಲ್ಲ. ಒಂದೋ ಟೆಸ್ಟರ್ ಬೇರೆ, ಬರೆಯೋಕೆ ಸೋಮಾರಿ. ಇಲ್ಲಾ ತಳಕ್ಕೆ ಕಪ್ಪಗೆ ಅಂಡರ್‌ಸೀಲ್, ಅಂದ್ರೆ ತುಕ್ಕು ತಡೆಯೋ ಲೇಪ, ಬಳಿದು ತಂದಿದ್ರು. ಟೆಸ್ಟರ್ ಏನನ್ನೂ ಬಿಚ್ಚೋ ಹಾಗಿಲ್ಲ. ಹೆಬ್ಬೆರಳಲ್ಲಿ ಒತ್ತಬಹುದು, ಸಣ್ಣ ಟೂಲಲ್ಲಿ ಹಗುರಕ್ಕೆ ಕೆರೆದು ನೋಡಬಹುದು, ಬಡಿದು ಸದ್ದು ಕೇಳಬಹುದು, ಅಷ್ಟೇ. ಬಳಿದ ಹೊಸದರಲ್ಲಿ ಕಾಣಲ್ಲ, ಎರಡು ಚಳಿಗಾಲ ಕಳೆದ್ರೆ ಪದರ ಎದ್ದು ಮತ್ತೆ ಕಾಣುತ್ತೆ.

ಮೈಲಿನೂ ನೋಡಿ. 2022ರಿಂದ 2023ಕ್ಕೆ ಬರೀ 480. ಇಡೀ ವರ್ಷ ಕಾರು ನಿಂತಿದೆ. 2024ರ ಹ್ಯಾಂಡ್‌ಬ್ರೇಕ್ ಫೇಲಿಗೆ ಬೇರು ಅಲ್ಲೇ ಇರಬಹುದು. ನಿಂತ ಕಾರಲ್ಲಿ ಕೇಬಲ್ ಒಳಗೆ ತುಕ್ಕು ಹಿಡಿದು ಬಿಗಿಯಾಗುತ್ತೆ, ಹಿಂದಿನ ಬ್ರೇಕಿನ ಲಿವರ್ ಕೂತುಬಿಡುತ್ತೆ.

ಕಾರ್ತಿಕ್: ಅಕ್ಕ, ಹ್ಯಾಂಡ್‌ಬ್ರೇಕ್ ಎಷ್ಟು ಹಿಡಿದ್ರೆ ಪಾಸ್?

ಶೈಲಜಾ: ಈ ಥರ ಎರಡು ಸರ್ಕ್ಯೂಟ್ ಬ್ರೇಕಿರೋ ಕಾರಿಗೆ ತೂಕದ 16%. ಅದು ದೊಡ್ಡ ಸಂಖ್ಯೆ ಅಲ್ಲ. ಅಷ್ಟೂ ಬರಲಿಲ್ಲ ಅಂದ್ರೆ ಒಂದು ಚಕ್ರ ಹಿಡಿದೇ ಇಲ್ಲದಿರಬಹುದು. ಕಾಲಿನ ಬ್ರೇಕಿಗೆ 50%, 2010ರ ಸೆಪ್ಟೆಂಬರ್ 1ರಿಂದ ಈಚೆಗೆ ರಸ್ತೆಗಿಳಿದ ಕಾರಾದ್ರೆ 58%. ಒಂದೇ ಆಕ್ಸಲಿನ ಎಡ ಬಲ ಬ್ರೇಕಿನ ನಡುವೆ 30%ಗಿಂತ ಜಾಸ್ತಿ ವ್ಯತ್ಯಾಸ ಇದ್ರೂ ಫೇಲ್. ಹೋಗಿ ನೋಡುವಾಗ ಇಳಿಜಾರಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸು. ಹಿಡಿದಿದ್ದು ಸಾಲದು, ಬಿಟ್ಟಾಗ ಸಲೀಸಾಗಿ ಬಿಡಬೇಕು. ಓಡಿಸಿ ಬಂದ್ಮೇಲೆ ಹಿಂದಿನ ಎರಡೂ ಚಕ್ರದ ಹತ್ರ ಕೈ ಇಡು, ಒಂದು ಮಾತ್ರ ಬಿಸಿ ಇದ್ರೆ ಅಲ್ಲಿ ಬ್ರೇಕ್ ಉಜ್ತಾ ಇದೆ.

ರಘು: ಲ್ಯಾಂಬ್ಡಾ ಬಗ್ಗೆ ಯಾರೂ ಮಾತಾಡ್ತಿಲ್ಲ? ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡೋ ಡಬ್ಬಿ) ಹೋಗಿದ್ರೆ ಕಾರಿನ ಬೆಲೆಯ ಕಾಲುಭಾಗ ಅಲ್ಲೇ.

ಮಂಜು: ಕ್ಯಾಟ್ ಹೋಗಿದ್ರೆ ಸಿಒ (ಕಾರ್ಬನ್ ಮಾನಾಕ್ಸೈಡ್) ಏರಬೇಕಿತ್ತು ಗುರೂ. ವೇಗದ ಐಡಲಲ್ಲಿ, ಅಂದ್ರೆ ನಿಂತಲ್ಲೇ ಎಂಜಿನ್ ಸ್ವಲ್ಪ ಜೋರಾಗಿ ಓಡಿಸಿದಾಗ, ಸಿಒ 0.2% ಒಳಗೆ, ಹೈಡ್ರೋಕಾರ್ಬನ್ 200 ಪಿಪಿಎಂ ಒಳಗೆ, ಲ್ಯಾಂಬ್ಡಾ 0.97ರಿಂದ 1.03. ಇಲ್ಲಿ ಲ್ಯಾಂಬ್ಡಾ ಒಂದೇ ಮೇಲೆ ಹೋಗಿದೆ, ಉಳಿದದ್ದು ಬರ್ದಿಲ್ಲ. ಅಂದ್ರೆ ಹೆಚ್ಚಾಗಿ ಎಕ್ಸಾಸ್ಟಲ್ಲಿ ಎಲ್ಲೋ ತೂತು, ಹೊರಗಿನ ಗಾಳಿ ಒಳಗೆ ಹೋಗಿ ಆಮ್ಲಜನಕ ಜಾಸ್ತಿ ತೋರಿಸ್ತಿದೆ. ಎಂಜಿನ್ ಹಿಂದಿನ ಹೆಣೆದ ಫ್ಲೆಕ್ಸಿ ಪೈಪ್, ಇಲ್ಲಾ ಜೋಡಣೆ ಗ್ಯಾಸ್ಕೆಟ್. ಅದೇ ವಾರ ಪಾಸಾಗಿದೆ, 2025ರಲ್ಲಿ ಮತ್ತೆ ಬಂದಿಲ್ಲ. ಸರಿಯಾಗಿ ರಿಪೇರಿ ಆಗಿದೆ ಅಂತಾನೇ ಲೆಕ್ಕ.

ನಾನು ಮೊದಲಿಂದ ಹೇಳ್ತಿರೋದು ಇದೇ. ಫೇಲ್ ಆಗಿ, ಮಾಡಿಸಿ, ಮತ್ತೆ ಅದೇ ಸಾಲು ಬರದಿದ್ರೆ ಆ ಕಾರಿಗೆ ಒಬ್ಬ ಯಜಮಾನ ಇದ್ದಾನೆ ಅಂತ. ಪಾಸ್ ಆಗ್ತಾ ಅದೇ ಅಡ್ವೈಸರಿ ವರ್ಷವರ್ಷ ಬಂದ್ರೆ ಯಾರೂ ಕೈ ಹಾಕಿಲ್ಲ ಅಂತ.

ರಘು: ಹಾಗಾದ್ರೆ ನಿನ್ನ ಮಾತಿಂದಲೇ ಆಕ್ಸಲ್ ತುಕ್ಕಿಗೆ ಯಾರೂ ಕೈ ಹಾಕಿಲ್ಲ. ಸಿಕ್ಕಿಬಿದ್ದೆ ಮಗಾ.

ಮಂಜು: 😂 ಅದೊಂದು ಬಿಟ್ಟು.

ಪ್ರಸನ್ನ: ಬೆಂಗಳೂರಿಂದ ಒಂದು ಮಾತು. ನಮ್ಮಲ್ಲಿ ಸ್ವಂತ ಕಾರಿಗೆ 15 ವರ್ಷ ಆಗೋವರೆಗೆ ಆರ್‌ಟಿಒ ಕಡೆ ತಲೆ ಹಾಕೋ ಕೆಲಸ ಇಲ್ಲ, ಆಮೇಲೆ 5 ವರ್ಷಕ್ಕೊಮ್ಮೆ ರಿನೀವಲ್. ಹಳದಿ ಬೋರ್ಡಾದ್ರೆ 8 ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಫ್‌ಸಿ. ಆದ್ರೆ ಯಾರಾದ್ರೂ ನಂಬರ್ ಹಾಕಿ, ಯಾವ ವರ್ಷ ಯಾವ ಸ್ಪ್ರಿಂಗ್ ಮುರಿದಿತ್ತು ಅಂತ ಓದೋ ವ್ಯವಸ್ಥೆ ಇಲ್ಲಿಲ್ಲ. ನಿಮ್ಗೆ ಸಿಕ್ಕಿದೆ, ಪೂರ್ತಿ ಉಪಯೋಗಿಸಿ. ಅಂದ ಹಾಗೆ ಈ ಐ10 ನಮ್ಮ ಪಕ್ಕದ ಶ್ರೀಪೆರಂಬದೂರಿಂದಾನೇ ಹಡಗು ಹತ್ತಿದ್ದು. ಛಾಸಿ ನಂಬರ್ ಎಂ, ಎ, ಎಲ್ ಅಂತ ಶುರುವಾಗುತ್ತೆ, ನೋಡ್ಕೋ.

ರಘು: ಅದಕ್ಕೇ ತುಕ್ಕು. ಮದ್ರಾಸ್ ಬಿಸಿಲಿಗೆ ಮಾಡಿದ ಕಾರು, ಇಲ್ಲಿ ಉಪ್ಪು ಸುರಿದ ರಸ್ತೆ ತಡೆಯುತ್ತಾ?

ಶೈಲಜಾ: ಅದು ಬರೀ ಮಾತು ರಘು. ಮುಂದಿನ ಪೀಳಿಗೆ ಐ10 ಟರ್ಕಿಯಲ್ಲಿ ಮಾಡಿದ್ದು, ಅದರ ಹಿಂದಿನ ಆಕ್ಸಲ್ ಮೇಲೂ ಇದೇ ಅಡ್ವೈಸರಿ ಬರುತ್ತೆ. ಫೋರ್ಡಿನ ಮೊದಲ ಪೀಳಿಗೆ "ಕಾ" (Ka) ಯುರೋಪಲ್ಲೇ ಹುಟ್ಟಿ ಸಿಲ್ (ಬಾಗಿಲ ಕೆಳಗಿನ ಉದ್ದದ ತಗಡಿನ ಪಟ್ಟಿ) ಕೊಳೆತು ಹೆಸರು ಕೆಡಿಸ್ಕೊಂಡ ಕಾರು. ಎಲ್ಲಿ ತಯಾರಾಯ್ತು ಅನ್ನೋದಕ್ಕಿಂತ ಎಲ್ಲಿ ಓಡಿದೆ ಅನ್ನೋದು ಮುಖ್ಯ. ಸ್ಕಾಟ್ಲೆಂಡಲ್ಲಿ, ಕಡಲ ದಂಡೆಯಲ್ಲಿ ಇದ್ದ ಕಾರಿಗೂ ಒಳನಾಡಿನದ್ದಕ್ಕೂ ತಳ ನೋಡಿದ್ರೇ ಗೊತ್ತಾಗುತ್ತೆ.

ಕಾರ್ತಿಕ್, ಅದನ್ನ ಪತ್ತೆ ಮಾಡಬಹುದು. ಹಿಸ್ಟರಿ ಪುಟದಲ್ಲಿ ಟೆಸ್ಟ್ ಎಲ್ಲಿ ಮಾಡಿದ್ದು ಅಂತ ನೋಡೋಕೆ ಲಾಗ್‌ಬುಕ್, ಅಂದ್ರೆ ನಮ್ಮ ಆರ್‌ಸಿ ಥರದ ವಿ5ಸಿಯ 11 ಅಂಕಿ ನಂಬರ್ ಬೇಕು. ಅದನ್ನ ಮೆಸೇಜಲ್ಲಿ ಕೇಳಬೇಡ, ಯಾರೂ ಕೊಡಲ್ಲ, ಕೊಡಲೂಬಾರದು. ಕಾರು ನೋಡೋಕೆ ಹೋದಾಗ ಅವರ ಫೋನಲ್ಲೇ ತೆಗೆದು ತೋರಿಸಿ ಅನ್ನು.

ಕಾರ್ತಿಕ್: ಸರಿ ಅಕ್ಕ. ಬ್ರೇಕ್ ಪೈಪ್ ಎಷ್ಟು ದೊಡ್ಡ ವಿಷ್ಯ?

ಮಂಜು: ಈ ಲಿಸ್ಟಲ್ಲಿ ಮೊದಲು ಮಾಡಿಸಬೇಕಾದ್ದು ಅದೇ. ಮೇಲ್ಮೈ ತುಕ್ಕಾದ್ರೆ ಅಡ್ವೈಸರಿ, ಪೈಪಿನ ಗೋಡೆ ಮೂರನೇ ಒಂದು ಭಾಗ ಸವೆದ್ರೆ ಫೇಲ್. ಹಿಂದಿನ ಪೈಪ್ ತಳದಲ್ಲಿ ಉದ್ದಕ್ಕೂ ಹೋಗುತ್ತೆ, ಕ್ಲಿಪ್ಪಿನ ಕೆಳಗೆ ಕೆಸರು ಕೂರೋ ಕಡೆ ಮೊದಲು ತಿನ್ನುತ್ತೆ. ಸ್ಟೀಲ್ ಪೈಪ್ ತೆಗೆದು 3/16 ಇಂಚಿನ ತಾಮ್ರ-ನಿಕಲ್ ಪೈಪ್ ಹಾಕಿಸು, ಅದು ತುಕ್ಕು ಹಿಡಿಯಲ್ಲ. ಹೊಸ ನಟ್ ಹಾಕಿ, ತುದಿಗೆ ಫ್ಲೇರ್ ಮಾಡಿ (ತುದಿ ಅಗಲಿಸಿ), ಬ್ರೇಕ್ ಆಯಿಲ್ ಬದಲಿಸಿ ಬ್ಲೀಡ್ ಮಾಡ್ಬೇಕು, ಅಂದ್ರೆ ಒಳಗಿನ ಗಾಳಿ ತೆಗೀಬೇಕು. ಸಾಮಾನಿನ ಖರ್ಚು ಕಡಿಮೆ, ಮಜೂರಿನೇ ಜಾಸ್ತಿ. ಹಳೇ ನಟ್ ತಿರುಗದೆ ಹೋಸ್ ಸಮೇತ ಕತ್ತರಿಸಬೇಕಾಗಿ ಬಂದ್ರೆ ಇನ್ನೊಂದು ಗಂಟೆ ಸೇರಿಸ್ಕೋ.

ಟೈರ್ ಇನ್ನು ಹೇಳೋದೇನಿದೆ. ನಡುವಿನ ಮುಕ್ಕಾಲು ಅಗಲದಲ್ಲಿ ಸುತ್ತಲೂ 1.6 ಮಿ.ಮೀ. ಇರಲೇಬೇಕು. ಅದಕ್ಕಿಂತ ಸವೆದ ಟೈರಲ್ಲಿ ಪೊಲೀಸ್ ಹಿಡಿದ್ರೆ ಒಂದೊಂದು ಟೈರಿಗೂ 2,500 ಪೌಂಡ್ ತನಕ ದಂಡ, ಲೈಸೆನ್ಸಿಗೆ 3 ಪಾಯಿಂಟ್. ಎರಡು ಟೈರಿನ ದುಡ್ಡು ಬೆಲೆಯಲ್ಲಿ ಮುರ್ಕೊ.

ರಘು: ಎಂಓಟಿ ನೋಡದೇ ಇರೋದನ್ನೂ ಹೇಳ್ರೋ ಅವನಿಗೆ. ಪಾಸ್ ಅಂದ ಕೂಡ್ಲೇ ಎಂಜಿನ್ ಚೆನ್ನಾಗಿದೆ ಅಂದ್ಕೊಂಡಾನು. ಕ್ಲಚ್, ಗೇರ್‌ಬಾಕ್ಸ್, ಎಂಜಿನ್ ಒಳಗಿನ ಸ್ಥಿತಿ ಯಾವುದೂ ಆ ಟೆಸ್ಟಲ್ಲಿ ಇಲ್ಲ. ಈ 1.2 ಎಂಜಿನ್ನಿಗೆ ಟೈಮಿಂಗ್ ಚೈನ್ (ವಾಲ್ವ್ ನಡೆಸೋ ಸರಪಳಿ), 1.1ಗೆ ಬೆಲ್ಟ್. ಬೆಲ್ಟ್ ಬದಲಿಸೋ ಖರ್ಚು ಉಳೀತು ಅಂತ ಖುಷಿ ಬೇಡ, ಆಯಿಲ್ ಬದಲಿಸದೆ ಓಡಿಸಿದ್ರೆ ಚೈನ್ ಸಡಿಲ ಆಗುತ್ತೆ. ಎಂಜಿನ್ ತಣ್ಣಗಿರುವಾಗಲೇ ಹೋಗು, "ಬರೋ ಮುಂಚೆ ಸ್ಟಾರ್ಟ್ ಮಾಡ್ಬೇಡಿ" ಅನ್ನು. ಬಾನೆಟ್ ಮುಟ್ಟಿ ನೋಡು, ಬೆಚ್ಚಗಿದ್ರೆ ಏನೋ ಮುಚ್ಚಿಡ್ತಿದಾರೆ. ಸ್ಟಾರ್ಟ್ ಮಾಡಿದ ಮೊದಲ ಕ್ಷಣಗಳಲ್ಲಿ ಚೈನ್ ಕಡೆಯಿಂದ ಕರಕರ ಸದ್ದು ಬರಬಾರದು.

ಶೈಲಜಾ: ಕೀ ತಿರುಗಿಸಿದಾಗ ಎಬಿಎಸ್, ಏರ್‌ಬ್ಯಾಗ್, ಎಂಜಿನ್, ಸ್ಟಿಯರಿಂಗ್ ದೀಪ ಎಲ್ಲವೂ ಬಂದು ಹೋಗಬೇಕು. ಆರದೆ ಉರೀತಾನೇ ಇದ್ರೆ ಫೇಲ್. ಬರದೇ ಇದ್ರೆ ಇನ್ನೂ ಕೆಟ್ಟದ್ದು, ಯಾರೋ ಬಲ್ಬ್ ತೆಗೆದಿರಬಹುದು.

ಮಂಜು: ಇಷ್ಟೆಲ್ಲಾ ಟಾರ್ಚ್ ಹಿಡ್ದು ನೆಲದ ಮೇಲೆ ಮಲಗೋ ಬದಲು ಒಂದು ದಾರಿ ಇದೆ. ಎಂಓಟಿ ಬಾಕಿ ಇದ್ರೂ ಯಾವಾಗ ಬೇಕಾದ್ರೂ ಮತ್ತೆ ಮಾಡಿಸಬಹುದು. ಕಾರಿಗೆ ಗರಿಷ್ಠ ಶುಲ್ಕ 54.85 ಪೌಂಡ್. ಕೌನ್ಸಿಲ್ ನಡೆಸೋ ಟೆಸ್ಟ್ ಸೆಂಟರಿಗೆ ಹೋಗಿ. ತಮ್ಮ ವಾಹನಗಳಿಗೆ ಅಂತ ಇಟ್ಕೊಂಡಿದ್ರೂ ಸಾರ್ವಜನಿಕರಿಗೂ ಮಾಡ್ಕೊಡ್ತಾರೆ. ಅವರು ರಿಪೇರಿ ಮಾಡಲ್ಲ, ಹಾಗಾಗಿ ಫೇಲ್ ಮಾಡಿದ್ರೂ ಲಾಭ ಇಲ್ಲ, ಪಾಸ್ ಮಾಡಿದ್ರೂ ಲಾಭ ಇಲ್ಲ. ದುಡ್ಡು ನೀನು ಕೊಡ್ತೀನಿ ಅನ್ನು. ಮಾರೋರು ಬೇಡ ಅಂದ್ರೆ ಅದೂ ಒಂದು ಉತ್ತರನೇ.

ರಘು: ಮಾರೋರ ಕಡೆಯಿಂದ ಯೋಚ್ನೆ ಮಾಡು. 11 ತಿಂಗಳು ಬಾಕಿ ಇರೋ ಕಾರಿಗೆ ಹೊಸ ಟೆಸ್ಟ್ ಮಾಡ್ಸಿ, ಅದು ಡೇಂಜರಸ್ ಅಂತ ಫೇಲ್ ಆದ್ರೆ ಅಲ್ಲಿಂದ ಓಡಿಸ್ಕೊಂಡು ಬರೋ ಹಾಗೂ ಇಲ್ಲ. ಯಾರು ಒಪ್ತಾರೆ?

ಶೈಲಜಾ: ಒಪ್ಪದಿದ್ರೆ ರ‍್ಯಾಂಪ್ ಇರೋ ಗ್ಯಾರೇಜಲ್ಲಿ ಅರ್ಧ ಗಂಟೆ ಎತ್ತಿ ತೋರಿಸ್ಲಿ, ಅದು ದಾಖಲೆಗೆ ಹೋಗಲ್ಲ. ಖಾಸಗಿಯವರ ಹತ್ರ ತಗೊಳ್ಳುವಾಗ ಇದು ಬೇಕೇ ಬೇಕು. ಡೀಲರಾದ್ರೆ ದೋಷ ಇದ್ರೆ 30 ದಿನದೊಳಗೆ ವಾಪಸ್ ಕೊಡೋ ಹಕ್ಕಿದೆ, ಇವರ ಹತ್ರ ಅದಿಲ್ಲ.

ಕಾರ್ತಿಕ್ (ಶನಿವಾರ): ಹೋಗಿದ್ದೆ. ಚೈನ್ ಸದ್ದಿಲ್ಲ, ದೀಪ ಎಲ್ಲಾ ಸರಿ. ಸ್ಪ್ರಿಂಗ್ ಎರಡೂ ಹೊಸದು, ಬಿಲ್ ಇದೆ. ಟೆಸ್ಟ್ ಜಾಗ ಅವರೇ ಫೋನಲ್ಲಿ ತೋರಿಸಿದ್ರು. 2021, 2022 ಅಬರ್ಡೀನ್, ಸ್ಕಾಟ್ಲೆಂಡಿನ ಕಡಲ ದಂಡೆ ಊರು. 2023ರಿಂದ ಲೆಸ್ಟರ್.

ಶೈಲಜಾ: ಆ 480 ಮೈಲಿಯಲ್ಲಿ ಹೆಚ್ಚುಕಮ್ಮಿ ಎಲ್ಲಾ ಅಬರ್ಡೀನಿಂದ ಲೆಸ್ಟರ್ ದಾರಿನೇ ಹಾಗಾದ್ರೆ. ಕಡಲ ದಂಡೆಯಲ್ಲಿ ನಿಂತಿತ್ತು, ಬಂದ್ಮೇಲೆ ಕಪ್ಪು ಬಳಿದ್ರು, 2023ರಲ್ಲಿ ಏನೂ ಕಾಣಲಿಲ್ಲ.

ರಘು: ಹೇಳಿದ್ನಾ ಇಲ್ವಾ?

ಮಂಜು: ನೀನು ಹೇಳಿದ್ದು ಎರಡು ಫೇಲ್ ಅಂತ. ಆ ಎರಡರಲ್ಲಿ ಒಂದೂ ಈಗ ಸಮಸ್ಯೆ ಅಲ್ಲ. ಕಾರ್ತಿಕ್, ರ‍್ಯಾಂಪಿಗೆ ಒಪ್ಪಿದ್ರಾ?

ಕಾರ್ತಿಕ್: ಸೋಮವಾರ ಬೆಳಗ್ಗೆ 9ಕ್ಕೆ. ಅವರೇ ಗ್ಯಾರೇಜ್ ಹೇಳಿದ್ರು, ನಾನು ಬೇರೆ ಕಡೆ ಅಂದೆ.

ಶೈಲಜಾ: ಒಳ್ಳೇದು. ಆಕ್ಸಲ್ ಬೀಮ್ ಚಾಸಿಗೆ ಕೂರೋ ಎರಡು ಜಾಗ, ಸ್ಪ್ರಿಂಗ್ ಕೂರೋ ಬಟ್ಟಲು, ಸಿಲ್ಲಿನ ಹಿಂದಿನ ತುದಿ, ಅಷ್ಟೂ ಕಡೆ ಸ್ಕ್ರೂಡ್ರೈವರ್ ಹಿಡಿಯಿಂದ ಬಡಿಸು. ಠಣ್ ಅಂದ್ರೆ ಸರಿ, ಮಂದ ಸದ್ದು ಬಂದ್ರೆ, ಪದರ ಉದುರಿದ್ರೆ ಬೇಡ. ಸಿಲ್ಲಾದ್ರೆ ತಗಡು ಹಾಕಿ ಸುತ್ತಲೂ ವೆಲ್ಡ್ ಮಾಡಿಸಬಹುದು. ಬೀಮ್ ಕೊಳೆತಿದ್ರೆ ಬದಲಿಸಲೇಬೇಕು, ಆ ಬೆಲೆಗೆ ಈ ಕಾರು ಲಾಯಕ್ಕಲ್ಲ.

ಮಂಜು: ಬೀಮ್ ಗಟ್ಟಿ ಇದ್ರೆ 1,400. ಪೈಪ್, ಎರಡು ಟೈರ್ ಲೆಕ್ಕ ತೋರಿಸಿ ಕೇಳು.

ರಘು: 1,300ಕ್ಕೆ ಶುರು ಮಾಡು.